ಸಿಂಕಿನ ಗಂಟಲು ಹಿಡಿದ ಮೇಲೆ ಕ್ಲೆಬ್ಸಿಯೆಲ್ಲಾ ಇಳಿಯಿತು

ಮಂಡ್ಯದ ನಮ್ಮ ಹತ್ತು ಹಾಸಿಗೆಯ ಐಸಿಯುನಲ್ಲಿ ಮೆರೊಪೆನೆಮ್ ಎಂಬ ಬಲವಾದ ಆಂಟಿಬಯೋಟಿಕ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ತಿಂಗಳಿಗೆ ನಾಲ್ಕೈದು ರೋಗಿಗಳಲ್ಲಿ ಸಿಗುತ್ತಿತ್ತು. ಹೆಚ್ಚಿನವರು ಕ್ರಿಮಿನಾಶಕ ಕುಡಿದು ಬಂದವರು. ಆರ್ಗನೋಫಾಸ್ಫೇಟ್ ಕೇಸು ಅಂದರೆ ವೆಂಟಿಲೇಟರ್ ಬೇಗ ಬಿಡಿಸಲಾಗುವುದಿಲ್ಲ. ಸಿಂಕಿನಿಂದ ಬರುತ್ತಿದೆ ಅಂದಾಗ ಯಾರೂ ಒಪ್ಪಲಿಲ್ಲ. ‘ಕೈ ತೊಳೆಯೋ ಜಾಗದಿಂದ್ಲೇ ಸೋಂಕಾ?’ ಅಂದರು. ಎಲ್ಲರ ಕಣ್ಣೂ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಔಷಧಿಯ ಮೇಲೆ. ಈಗ ಆರೇಳು ತಿಂಗಳಲ್ಲಿ ಸಿಕ್ಕಿದ್ದು ಎರಡೇ. ಅವರಿಬ್ಬರ ಸ್ವಾಬೂ ದಾಖಲಾದ ದಿನವೇ ಪಾಸಿಟಿವ್ ಇತ್ತು, ಅಂದರೆ ಹೊರಗಿನಿಂದಲೇ ಹೊತ್ತು ಬಂದವರು.

ಮೊದಲು ದುಡ್ಡು ಸುರಿದದ್ದು ಕೋಣೆಗೆ ಔಷಧಿಯ ಮಂಜು ಬಿಡುವ ಫಾಗಿಂಗ್‌ಗೆ. ಮೆಷೀನು, ದ್ರಾವಣ ಸೇರಿ ಇಪ್ಪತ್ತೈದು ಸಾವಿರದ ಆಸುಪಾಸು. ಪೈಪಿನ ಬಾಗಿನಲ್ಲಿ ಕೂತ ಲೋಳೆಗೆ ಆ ಮಂಜು ತಾಗುವುದೇ ಇಲ್ಲ. ಆಮೇಲೆ ದಿನಕ್ಕೊಂದು ಲೀಟರ್ 1% ಹೈಪೋ (ಬ್ಲೀಚ್ ದ್ರಾವಣ) ಸುರಿದೆವು. ಮರುದಿನ ಸ್ವಾಬ್ ನೆಗೆಟಿವ್, ನಾಲ್ಕನೇ ದಿನಕ್ಕೆ ಅದೇ ಕ್ರಿಮಿ. ಹೈಪೋ ಕೆಲವೇ ಸೆಕೆಂಡಿನಲ್ಲಿ ಜಾರಿಹೋಗುತ್ತದೆ, ಲೋಳೆಯ ಮೇಲ್ಪದರ ಮಾತ್ರ ಸಾಯುತ್ತದೆ. ಜೊತೆಗೆ 5%ರ ಕ್ಯಾನುಗಳನ್ನು ಟೆರೇಸಿನ ಮೆಟ್ಟಿಲಲ್ಲಿ ಇಟ್ಟಿದ್ದರು. ಏಪ್ರಿಲ್ ಬಿಸಿಲಿಗೆ ಕ್ಲೋರಿನ್ ಅರ್ಧಕ್ಕಿಂತ ಕೆಳಗಿಳಿದಿತ್ತು. ಮೂರನೆಯದಾಗಿ ಐದೂ ಸಿಂಕಿನ ಟ್ರ್ಯಾಪ್ (ಕೆಳಗಿನ ಬಾಗಿದ ಪೈಪು) ಬದಲಿಸಿದೆವು, ಒಂದಕ್ಕೆ ನಾನೂರು ರೂಪಾಯಿ. ಎರಡು ವಾರ ಸುಮ್ಮನಿತ್ತು, ಮತ್ತೆ ಬಂತು.

ಬಾಯಿ ಮುಚ್ಚಿಸಿದ್ದು ಕಣ್ಣಿನ ವಿಭಾಗದ ಫ್ಲೋರೆಸಿನ್ ಎಂಬ ಹೊಳೆಯುವ ಬಣ್ಣ. ರಾತ್ರಿ ಡ್ರೈನಿನ ಬಾಯಿಗೆ ಅದರ ದ್ರಾವಣ ಸುರಿದು, ನಲ್ಲಿ ಪೂರ್ತಿ ತಿರುಗಿಸಿ, ದೀಪ ಆರಿಸಿ, ಮುನ್ನೂರೈವತ್ತು ರೂಪಾಯಿಯ ಯುವಿ ಟಾರ್ಚ್ ಬಿಟ್ಟೆವು. ಸಿಂಕಿನ ಅಂಚು, ಗೋಡೆಯ ಟೈಲ್ಸ್, ಮೂರಡಿ ಆಚೆ ಇಂಜೆಕ್ಷನ್ ಕಲಸುವ ಟ್ರಾಲಿ, ಅದರ ಮೇಲೆ ಬಿಚ್ಚಿಟ್ಟ ಹತ್ತಿಯ ಸುರುಳಿ: ಎಲ್ಲದರ ಮೇಲೂ ಸಾಸಿವೆ ಕಾಳಿನಷ್ಟು ಹಸಿರು ಹನಿ ಹೊಳೆಯುತ್ತಿತ್ತು. ನಲ್ಲಿಯ ಧಾರೆ ನೇರ ಡ್ರೈನಿನ ಬಾಯಿಗೇ ಬೀಳುತ್ತಿತ್ತು. ಅಲ್ಲಿಂದಾಚೆಗೆ ವಾದ ನಡೆಯಲಿಲ್ಲ.

ಧಾರೆ ಬೇಸಿನ್ನಿನ ಇಳಿಜಾರಿಗೆ ಬೀಳುವಂತೆ ನಲ್ಲಿಯ ಮೂತಿ ಬದಲಿಸಿದೆವು, ಒಂದಕ್ಕೆ ಎಂಟುನೂರರಷ್ಟಾಯಿತು. ತುದಿಯ ಜಾಲರಿ ಕಿತ್ತೆವು. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಅಲ್ಲೂ ಲೋಳೆ ಬೆಳೆದಿತ್ತು. ಟ್ರಾಲಿಯನ್ನು ಎರಡು ಮೀಟರ್ ಆಚೆಗೆ ತಳ್ಳಿದೆವು. ಇಷ್ಟಾದರೂ ಮುಖ್ಯವಾದದ್ದು ಬೇರೆ: ಸಿಂಕಿಗೆ ಏನೂ ಚೆಲ್ಲಬಾರದು. ಉಳಿದ ಡೆಕ್ಸ್‌ಟ್ರೋಸ್, ಮೂಗಿಗೆ ಹಾಕುವ ರೈಲ್ಸ್ ಟ್ಯೂಬಿನ ಗಂಜಿ, ಹಾಲು, ಕಾಫಿ ಎಲ್ಲ ಅಲ್ಲಿಗೇ ಹೋಗುತ್ತಿತ್ತು. ಕ್ರಿಮಿಗೆ ನಾವೇ ಊಟ ಬಡಿಸುತ್ತಿದ್ದೆವು. ಜೊತೆಗೆ ಆಂಟಿಬಯೋಟಿಕ್ ಬಾಟಲಿಯ ತಳದ ನೀರೂ ಅಲ್ಲಿಗೇ, ಅಂದರೆ ಬದುಕಿ ಉಳಿಯುವುದು ಮೊಂಡು ತಳಿ ಮಾತ್ರ. ಈಗ ಅದಕ್ಕೆಲ್ಲ ಕೊಳೆ ನೀರು ಚೆಲ್ಲುವ ಸ್ಲೂಯಿಸ್ ರೂಮು.

ದಾಖಲಾತಿಯ ದಿನ ರೆಕ್ಟಲ್ (ಗುದದ) ಸ್ವಾಬ್ ತಪ್ಪಿಸುವುದಿಲ್ಲ. 5 ಮಿಲಿ ಟಿಎಸ್‌ಬಿ ಎಂಬ ಕ್ರಿಮಿ ಬೆಳೆಸುವ ಸಾರಿನಲ್ಲಿ 10 ಮೈಕ್ರೋಗ್ರಾಂ ಮೆರೊಪೆನೆಮ್ ಡಿಸ್ಕ್, 35 ಡಿಗ್ರಿಯಲ್ಲಿ ಒಂದು ರಾತ್ರಿ, ಅದರಿಂದ 100 ಮೈಕ್ರೋಲೀಟರ್ ಮೆಕಾಂಕಿ ಅಗರ್ ತಟ್ಟೆಗೆ. ಗುಲಾಬಿ ಕಾಲೊನಿ ಬಂದರೆ, ಮೆರೊಪೆನೆಮ್ ಒಡೆಯುವ ಕಿಣ್ವ ಇದೆಯೇ ಎಂದು ನೋಡುವ ಎಂಸಿಐಎಂ ಪರೀಕ್ಷೆ: ಡಿಸ್ಕ್ ಸುತ್ತಲಿನ ವಲಯ 15 ಮಿಮೀ ಅಥವಾ ಕಡಿಮೆ ಇದ್ದರೆ ಪಾಸಿಟಿವ್, 19 ಅಥವಾ ಹೆಚ್ಚಿದ್ದರೆ ನೆಗೆಟಿವ್. ನಡುವಿನದನ್ನು ಮತ್ತೆ ಮಾಡಿ. ಒಂದು ಸ್ವಾಬಿಗೆ ನಮಗೆ ಎಂಬತ್ತು ತೊಂಬತ್ತು ರೂಪಾಯಿ ಬೀಳುತ್ತದೆ. ಕೊಲಿಸ್ಟಿನ್ ಕೋರ್ಸಿನ ಮುಂದೆ ಅದು ಲೆಕ್ಕವೇ ಅಲ್ಲ.

ಒಣ ಜಾಗದಲ್ಲಿ ವಾರಗಟ್ಟಲೆ ಬದುಕುವ ಇನ್ನೊಂದು ಬ್ಯಾಕ್ಟೀರಿಯಾ ಅಸಿನೆಟೋಬ್ಯಾಕ್ಟರ್‌ಗೆ ಈ ಸಿಂಕಿನ ಕೆಲಸ ಸಾಲದು. ಅದಕ್ಕೆ ಹಾಸಿಗೆಗೊಂದು ಬಟ್ಟೆ, ಹಾಸಿಗೆಗೊಂದು ಬಿಪಿ ಕಫ್, ಸಕ್ಷನ್ ಗುಂಡಿಯಿಂದ ವೆಂಟಿಲೇಟರ್ ಪರದೆಯವರೆಗೆ 0.1% ಹೈಪೋ ಅಥವಾ ಕಂಪನಿ ಹೇಳಿದ ವೈಪ್. ಒರೆಸಿದ್ದಾರೋ ಇಲ್ಲವೋ ನೋಡಲು ಕಣ್ಣಿಗೆ ಕಾಣದ ಹೊಳೆಯುವ ಗುರುತು ಹಚ್ಚುತ್ತೇವೆ. ಅದನ್ನು ಯಾವುದರಿಂದ ಮಾಡುತ್ತೇವೆ, ಎಲ್ಲಿ ಹಚ್ಚುತ್ತೇವೆ ಎಂದು ಬರೆಯುವುದಿಲ್ಲ. ನಮ್ಮ ಸಿಬ್ಬಂದಿಯೂ ಇದನ್ನು ಓದುತ್ತಾರೆ.

ನಡುವೆ ಹಾಸಿಗೆಯ ಕಂಬಿಗೆ ತಾಮ್ರದ ಟೇಪ್ ಸುತ್ತಿ ನೋಡಿದೆವು. ಕಾಲೊನಿ ಕಡಿಮೆಯಾದವು ನಿಜ, ಆದರೆ ಹೈಪೋ ತಾಗಿ ಕಪ್ಪಿಟ್ಟು ಅಂಚು ಎದ್ದಿತು, ಸಂದಿಯಲ್ಲಿ ಕೊಳೆ ಕೂತಿತು. ಕಿತ್ತೆಸೆದೆವು. ಹ್ಯಾಂಡ್‌ರಬ್ ಮಾತ್ರ ನಾವೇ ಮಾಡಿಕೊಳ್ಳುತ್ತೇವೆ: 99.8% ಐಸೊಪ್ರೊಪೈಲ್ 7515 ಮಿಲಿ, 3% ಹೈಡ್ರೋಜನ್ ಪೆರಾಕ್ಸೈಡ್ 417, ಗ್ಲಿಸರಾಲ್ 145, ಕಾಯಿಸಿ ಆರಿಸಿದ ನೀರು ಸೇರಿಸಿ ಹತ್ತು ಲೀಟರ್, 72 ಗಂಟೆ ಮುಟ್ಟಬಾರದು. ಬೇಸಿಗೆಯಲ್ಲಿ ಅಂಟುತ್ತದೆ ಅಂತ ನರ್ಸ್‌ಗಳು ಬಿಟ್ಟುಬಿಟ್ಟರು. ಗ್ಲಿಸರಾಲ್ ಅರ್ಧಕ್ಕಿಳಿಸಿದ ಮೇಲೆ ಬಾಟಲಿ ಖಾಲಿಯಾಗತೊಡಗಿತು.

ಐದು ಸಿಂಕಿನಲ್ಲಿ ಎರಡನ್ನು ಮುಚ್ಚಿದೆವು. ಮುಚ್ಚುವಾಗ ಬರೀ ನಲ್ಲಿ ಬಂದ್ ಮಾಡಬೇಡಿ. ಟ್ರ್ಯಾಪಿನ ನೀರು ಒಣಗಿ ಚರಂಡಿ ವಾಸನೆ, ಹಿಂದೆಯೇ ಜಿರಳೆ ಬರುತ್ತವೆ. ನೀರಿನ ಪೈಪು, ಡ್ರೈನು ಎರಡನ್ನೂ ಮುಖ್ಯ ಲೈನಿನ ಬುಡದಲ್ಲೇ ಕತ್ತರಿಸಿ ಕ್ಯಾಪ್ ಹಾಕಿಸಿ.