ಕೊಂಡಿಗೆ ಕತ್ತರಿ ತಾಗದ ಇಳಕಲ್ ಜಾಕೆಟ್

ಇಳಕಲ್ ಸೀರೆ ಮತ್ತೆ ಫ್ಯಾಷನ್‌ಗೆ ಬಂದಿದೆ. ಬಿಳಿ ಶರ್ಟಿನ ಮೇಲೂ ಉಡುತ್ತಾರೆ, ಸ್ನೀಕರ್ಸ್ ಹಾಕಿಕೊಂಡೂ ಉಡುತ್ತಾರೆ. ನೋಡಲು ಖುಷಿಯಾಗುತ್ತದೆ. ಅದರ ಬೆನ್ನಲ್ಲೇ ಸೀರೆ ಕತ್ತರಿಸಿ ಜಾಕೆಟ್, ಕುರ್ತಾ ಹೊಲಿಸುವುದೂ ಶುರುವಾಗಿದೆ. ಈ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುವುದು ಒಂದೇ: ಉಡಲು ಬರುವ ಕೈಮಗ್ಗದ ಸೀರೆಗೆ ಕತ್ತರಿ ಹಾಕಬೇಡಿ. ಹೊಸ ಬಟ್ಟೆಯೇ ಬೇಕಿದ್ದರೆ ಗುಳೇದಗುಡ್ಡದ ಖಣ ಇದೆ, ಅದನ್ನು ನೇಯುವುದೇ ಹೊಲಿಯುವುದಕ್ಕೆ. ಜಾಕೆಟ್ಟಿಗೆ ಆಗುವುದು ನಿರಿಗೆ ಸವೆದು ಮೂಲೆ ಸೇರಿದ ಸೀರೆ. ಆರು ಗಜದಲ್ಲಿ ಎರಡು ಗಜ ಗಟ್ಟಿಯಿದ್ದರೆ ಸಾಕು.

ಮೊದಲು ಕೊಂಡಿ ಹುಡುಕಬೇಕು. ಇಳಕಲ್ಲಿನಲ್ಲಿ ಸೀರೆಯ ಮೈಗೆ ಒಂದು ಹಾಸು (ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು), ಸೆರಗಿಗೆ ಬೇರೆ ಹಾಸು. ಎರಡರ ಎಳೆಗಳನ್ನು ಕುಣಿಕೆಗೆ ಕುಣಿಕೆ ಸಿಕ್ಕಿಸಿ ಜೋಡಿಸುತ್ತಾರೆ, ಅದೇ ಕೊಂಡಿ. ಮೈಯ ಬಣ್ಣ ಮುಗಿದು ಕೆಂಪು ಸೆರಗು ಶುರುವಾಗುವ ಗೆರೆಯ ಮೇಲೆ ಬೆರಳಾಡಿಸಿದರೆ ಸಣ್ಣ ಏಣು ಸಿಗುತ್ತದೆ. ಪವರ್‌ಲೂಮಿನ ನಕಲಿನಲ್ಲಿ, ಇಳಕಲ್ ಸೆರಗಿನ ತೋಪು ತೆನಿ ವಿನ್ಯಾಸವನ್ನು ಮುದ್ರಿಸಿದ ಪಾಲಿಯೆಸ್ಟರಿನಲ್ಲಿ ಈ ಏಣು ಇರುವುದಿಲ್ಲ. ಇಷ್ಟು ಕೆಲಸ ಇರುವ ಗೆರೆಯನ್ನೇ ಎಷ್ಟೋ ಕಡೆ ಮೊದಲು ಕತ್ತರಿಸಿ ಬಿಸಾಡುತ್ತಾರೆ. ನನ್ನ ಕಟಿಂಗ್ ಇಡೀ ಆ ಗೆರೆಯನ್ನು ಉಳಿಸಿಕೊಳ್ಳಲು ಮಾಡಿಕೊಂಡದ್ದು.

ಕೊಂಡಿಯನ್ನು ಜಗ್ಗಿದರೆ ಕುಣಿಕೆಗಳು ಬಿಚ್ಚಿಕೊಳ್ಳುವುದು ಹಾಸಿನ ದಿಕ್ಕಿನಲ್ಲಿ. ಹಾಗಾಗಿ ಅದು ಬೆನ್ನ ಮೇಲೆ ಉದ್ದಕ್ಕೆ ನಿಂತರೆ ಕೈ ಮುಂದೆ ಚಾಚಿದಾಗಲೆಲ್ಲ ಎಳೆತ ಬಿದ್ದು ಕೆಲವೇ ದಿನಗಳಲ್ಲಿ ಬಾಯಿ ಬಿಡುತ್ತದೆ. ಅಡ್ಡಕ್ಕೆ, ಸೊಂಟದ ಕೆಳಗೆ ಬಂದರೆ ಅದರ ಮೇಲೆ ಬೀಳುವುದು ಕೆಳಗಿನ ಬಟ್ಟೆಯ ತೂಕ ಮಾತ್ರ. ಜಾಕೆಟ್ಟಿನ ಕೆಳತುದಿಯಿಂದ 15 ಇಂಚು ಮೇಲೆ ಕೊಂಡಿ ಬರುವಂತೆ ಇಡುತ್ತೇನೆ.

ಕತ್ತರಿ ಹಿಡಿಯುವ ಮುಂಚೆ ಸೀರೆಯನ್ನು ಕಿಟಕಿಗೆ ಹಿಡಿದು ನೋಡಿ. ಬೆಳಕು ಜಾಸ್ತಿ ತೂರುವ ಜಾಗ ಸವೆದಿದೆ. ಹೆಗಲ ಮೇಲೆ ಪಿನ್ನು ಚುಚ್ಚಿದ ತೂತುಗಳಿಗೆ ಚಾಕ್‌ನಲ್ಲಿ ಗುರುತು ಹಾಕಿ. ಆಮೇಲೆ ಎರಡು ಹೆಬ್ಬೆರಳ ನಡುವೆ ಬಟ್ಟೆ ಹಿಡಿದು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಜಗ್ಗಿ. ರೇಷ್ಮೆ ಚಿಟಚಿಟ ಎಂದರೆ ಅದು ಮಡಿಕೆಯಲ್ಲಿ ಒಡೆದಿದೆ, ಆ ಸೆರಗನ್ನು ಬಿಡುವುದೇ ಸರಿ. ಒದ್ದೆ ಬಿಳಿ ಬಟ್ಟೆಯನ್ನು ಸೆರಗಿನ ಮೂಲೆಯ ಮೇಲೆ ಐದು ನಿಮಿಷ ಒತ್ತಿಟ್ಟು ಬಣ್ಣ ಬಿಡುತ್ತದೆಯೇ ನೋಡಿ. ಬಿಟ್ಟರೆ ಉಪ್ಪುನೀರಿನಲ್ಲಿ ನೆನೆಸಿ ಪ್ರಯೋಜನವಿಲ್ಲ, ಒಮ್ಮೆ ಸಡಿಲವಾದ ಬಣ್ಣ ಉಪ್ಪಿಗೆ ನಿಲ್ಲುವುದಿಲ್ಲ. ತಣ್ಣೀರಿನಲ್ಲಿ ಬೇಗ ಅದ್ದಿ ತೆಗೆದು, ಸೆರಗು ಕೆಳಗಿರುವಂತೆ ನೆರಳಲ್ಲಿ ತೂಗು ಹಾಕಿ. ಸೆರಗು ಮೇಲಿದ್ದರೆ ಕೆಂಪು ಮೈಮೇಲೆ ಇಳಿಯುತ್ತದೆ.

ಹಳೇ ಸೀರೆಯಲ್ಲಿ ಒಂದು ಅನುಕೂಲವಿದೆ, ಅದು ಕುಗ್ಗುವಷ್ಟು ಆಗಲೇ ಕುಗ್ಗಿರುತ್ತದೆ. ಹೊಸದರಲ್ಲಿ ಹತ್ತಿಯ ಮೈ ಕುಗ್ಗಿದಷ್ಟು ರೇಷ್ಮೆಯ ದಡಿ ಕುಗ್ಗುವುದಿಲ್ಲ, ಹೊಲಿದ ಮೇಲೆ ಒಗೆದರೆ ದಡಿ ಅಲೆಅಲೆಯಾಗಿ ಸುಕ್ಕುತ್ತದೆ. ಅಸ್ತರಿಗೆ ತರುವ ತೆಳು ಹತ್ತಿಯ ಮಲ್‌ಮಲ್ ಹೊಸದಾದ್ದರಿಂದ ಅದನ್ನು ರಾತ್ರಿಯಿಡೀ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಬೇಕು.

ಈಗ ಅಳತೆ. ಎದೆ 34ರಿಂದ 40 ಇಂಚಿನವರಿಗೆ, 46 ಇಂಚು ಅಗಲದ ಸೀರೆಯಲ್ಲಿ ಪಕ್ಕದ ಹೊಲಿಗೆಯೇ ಬೇಕಿಲ್ಲ. ಸೀರೆಯ ಅಗಲವೇ ಜಾಕೆಟ್ಟಿನ ಸುತ್ತಳತೆ, ಎರಡೂ ದಡಿಗಳು ಎದೆಯ ಮುಂದೆ ಎದುರುಬದುರು ಇಳಿಯುತ್ತವೆ. ಕೊಂಡಿಯಿಂದ ಸೆರಗಿನ ಕಡೆಗೆ 16½ ಇಂಚು (ಕೆಳಮಡಿಕೆಗೆ 1½ ಇಂಚು ಸೇರಿ), ಮೈಯ ಕಡೆಗೆ 30 ಇಂಚು ತೆಗೆದುಕೊಳ್ಳಿ. ಒಟ್ಟು 46½ ಇಂಚಿನ ಒಂದೇ ತುಂಡು. ಅದರಲ್ಲಿ ಕೆಳಮಡಿಕೆ ಬಿಟ್ಟು 40 ಇಂಚು ಹೆಗಲಿನಿಂದ ಕೆಳತುದಿಯವರೆಗಿನ ಉದ್ದ, ಅದರ ಮೇಲೆ ಮುಕ್ಕಾಲು ಇಂಚು ಹೊಲಿಗೆಗೆ, ಮಿಕ್ಕದ್ದು ಕಾಲರಿಗೆ.

ಎರಡೂ ಅಂಚಿನಿಂದ 11½ ಇಂಚಿಗೆ ಗೆರೆ ಹಾಕಿ, ಇದು ಪಕ್ಕೆ. ಆ ಗೆರೆಯ ಆಚೀಚೆ ಒಂದೂವರೆ ಇಂಚು ಬಿಟ್ಟು, ಹೆಗಲಿನಿಂದ 9 ಇಂಚು ಆಳಕ್ಕೆ ತೋಳಿನ ಕಂಡಿ ಕತ್ತರಿಸಿ. ಕಂಕುಳ ಬುಡ ಗುಂಡಗಿರಲಿ, ಚೌಕ ಮೂಲೆ ಹರಿಯುತ್ತದೆ. ಈಗ ಬೆನ್ನು 20 ಇಂಚು, ಮುಂಭಾಗ ಒಂದೊಂದೂ 10 ಇಂಚು ಉಳಿಯಿತು. ಬೆನ್ನಿನ ಕತ್ತು 7 ಇಂಚು ಅಗಲ, ಅರ್ಧ ಇಂಚು ಆಳ. ಹೆಗಲು 6½.

ಮುಂಭಾಗದಲ್ಲಿ ಹೆಗಲಿನ 6½ ಇಂಚನ್ನು ಮಾತ್ರ ಕತ್ತರಿಸಬೇಕು. ದಡಿ ಇರುವ 3½ ಇಂಚಿನ ಪಟ್ಟಿಯನ್ನು ಹೆಗಲಿನ ಗೆರೆಗಿಂತ 4¼ ಇಂಚು ಮೇಲೆ ಹಾಗೆಯೇ ಬಿಡಿ. ಎರಡೂ ಪಟ್ಟಿಗಳ ತುದಿ ಕೂಡಿಸಿ ಹೊಲಿದು, ತಿರುಗಿಸಿ ಬೆನ್ನಿನ ಕತ್ತಿಗೆ ಹಚ್ಚಿದರೆ ದಡಿಯೇ ಕಾಲರ್ ಆಗುತ್ತದೆ. ಇಡೀ ಜಾಕೆಟ್ಟಿನಲ್ಲಿ ಕೆಡುವ ಜಾಗ ಅಂದರೆ ಪಟ್ಟಿ ಮತ್ತು ಹೆಗಲು ಸೇರುವ ಆ ಒಳಮೂಲೆ. ಅಲ್ಲಿ ಕಚ್ಚು (ಕತ್ತರಿಯ ಸಣ್ಣ ಸೀಳು) ಹಾಕದೆ ಬಟ್ಟೆ ತಿರುಗುವುದಿಲ್ಲ, ಹಾಕಿದರೆ ಹಳೇ ಬಟ್ಟೆ ಸೀಳುತ್ತದೆ. ಅದಕ್ಕೇ ಒಂದೂವರೆ ಇಂಚಿನ ಮಲ್‌ಮಲ್ ಚೌಕವನ್ನು ಒಳಗಿಟ್ಟು ಮೂಲೆಯಲ್ಲಿ ಸಣ್ಣ ಟಾಕಿನ ಹೊಲಿಗೆ ಹಾಕಿ, ಆಮೇಲೆ ಹೊಲಿಗೆಗೆ ಎರಡು ಎಳೆ ದೂರದವರೆಗೆ ಮಾತ್ರ ಕಚ್ಚು ಹಾಕಿ.

ತೋಳಿಗೆ ಜಾಕೆಟ್ಟಿನ ತುಂಡಿನ ಪಕ್ಕದ ಬಟ್ಟೆಯನ್ನೇ ಬಳಸಬೇಕು. ಉಟ್ಟಾಗ ಒಳಗೆ ಹೋಗುವ ಸುತ್ತು ಬಿಸಿಲು ಕಾಣದೆ ಬಣ್ಣ ಗಾಢವಾಗಿ ಉಳಿದಿರುತ್ತದೆ, ಟ್ಯೂಬ್‌ಲೈಟಿನಲ್ಲಿ ಗೊತ್ತಾಗದ ಆ ವ್ಯತ್ಯಾಸ ಹೊರಗೆ ಬಂದ ಕೂಡಲೇ ಎದ್ದು ಕಾಣುತ್ತದೆ. 22 ಇಂಚು ಉದ್ದದ ಸೀರೆಯಲ್ಲಿ ಎರಡೂ ದಡಿಯಿಂದ 16 ಇಂಚು ಒಳಕ್ಕೆ ಕತ್ತರಿಸಿದರೆ ಎರಡು ತೋಳು ಸಿಗುತ್ತವೆ, ದಡಿ ಮಣಿಕಟ್ಟಿನ ಕಡೆಗೆ ಬರುತ್ತದೆ. ತೋಳಿನ ಕಂಡಿಯನ್ನು ಹೊಲಿಗೆಯ ಗೆರೆಯ ಮೇಲೆ ಟೇಪಿನಿಂದ ಅಳೆದು, ಹೆಚ್ಚಾದ ಅಗಲವನ್ನು ಸರಿಮಾಡಿ.

ಸೂಜಿ 11ನೇ ನಂಬರು, ಹೊಸದು. ಮೊಂಡ ಸೂಜಿ ರೇಷ್ಮೆ ಎಳೆಯನ್ನು ಜಗ್ಗಿ ಸಾಲು ಬೀಳಿಸುತ್ತದೆ. ಹತ್ತಿ ದಾರವೇ ಒಳ್ಳೆಯದು. ಎಳೆತ ಬಿದ್ದಾಗ ದಾರ ಹರಿದರೆ ಮತ್ತೆ ಹೊಲಿಯಬಹುದು, ಗಟ್ಟಿ ಪಾಲಿಯೆಸ್ಟರ್ ದಾರವಾದರೆ ಬಟ್ಟೆಯೇ ಕೊಯ್ದುಹೋಗುತ್ತದೆ. ಎಲ್ಲ ಕಡೆ ಮುಕ್ಕಾಲು ಇಂಚು ಒಳಗೆ ಬಿಟ್ಟು, ಟಾಕು ಎರಡೂವರೆ ಮಿಲಿಮೀಟರ್ ಇಟ್ಟುಕೊಳ್ಳಿ. ಹೆಗಲಿನ ಹೊಲಿಗೆಯೊಳಗೆ ಅರ್ಧ ಇಂಚಿನ ಹತ್ತಿ ಪಟ್ಟಿ ಸೇರಿಸಿ, ಇಡೀ ತೂಕ ಅಲ್ಲೇ ನೇತಾಡುವುದು.

ಕೊಂಡಿಯ ಹಿಂದೆ ಎರಡು ಇಂಚಿನ ಮಲ್‌ಮಲ್ ಪಟ್ಟಿ ಇಟ್ಟು ಕೈಯಿಂದಲೇ ಓಟದ ಹೊಲಿಗೆ ಹಾಕಿ, ಏಣಿಗೆ ತಾಗದಂತೆ ಮೇಲ್ಗಡೆ ಒಂದು ಸಾಲು, ಕೆಳಗೊಂದು ಸಾಲು. ಮಷಿನ್ ಸೂಜಿ ಕುಣಿಕೆಯನ್ನೇ ತೂತು ಮಾಡುತ್ತದೆ. ಫ್ಯೂಸಿಂಗ್ (ಇಸ್ತ್ರಿಯಿಂದ ಅಂಟಿಸುವ ಒಳಬಟ್ಟೆ) ಹಚ್ಚುವುದನ್ನು ನಾನು ಒಪ್ಪುವುದಿಲ್ಲ, ಅಂಟು ಸೆರಗಿನ ಮೇಲೆ ಚುಕ್ಕೆಯಾಗಿ ಏಳುತ್ತದೆ. ಅಸ್ತರಿ ಹೆಗಲಿನಿಂದ 18 ಇಂಚಿನವರೆಗೆ ಸಾಕು. ಪೂರ್ತಿ ಕೊಟ್ಟರೆ ಸೆರಗಿನ ಇಳುಕಲು ಸತ್ತುಹೋಗುತ್ತದೆ. ಇಸ್ತ್ರಿ ಒಳಮೈಯಿಂದ, ಮೇಲೊಂದು ಬಟ್ಟೆ ಹಾಕಿ. ದಡಿ, ಸೆರಗು ಆರ್ಟ್ ಸಿಲ್ಕಿನದಾದರೆ (ಕೃತಕ ರೇಷ್ಮೆ) ನೇರ ಒತ್ತಿದಾಗ ಮಿಂಚು ಹೊಡೆಯುತ್ತದೆ.

ಸುಮಾರು 69 ಇಂಚಿಗೆ ಜಾಕೆಟ್ ಮುಗಿಯಿತು. ಉಳಿದ ಸೆರಗಿನಲ್ಲಿ ಒಂದು ಇಂಚಿನ ಕಸೆಗಳನ್ನು ಹೊಲಿದು ಎದೆಯ ಹತ್ತಿರ ಕಟ್ಟಲು ಹಚ್ಚಿ, ಗುಂಡಿಗೆ ಕಾಜ ತೆಗೆದರೆ ದಡಿ ಹಾಳು. ಮಿಕ್ಕ ನಾಲ್ಕು ಗಜ ಹತ್ತಿ ಎಷ್ಟು ಸವೆದಿದ್ದರೂ ಕೌದಿಯ ಒಳಪದರಕ್ಕೆ ಆಗುತ್ತದೆ.