‘ಡ್ರೈ’ ಪದಕ್ಕೆ ಕನ್ನಡ ಹುಡುಕುವುದು ಹೇಗೆ?

ಹೋದ ವರ್ಷ ತಿದ್ದಿಕೊಡಿ ಅಂತ ಒಂದು ಕರಪತ್ರ ನನ್ನ ಕೈಗೆ ಬಂತು. ಹಸು ಸಾಕುವವರಿಗಾಗಿ ಇಂಗ್ಲಿಷಿನಿಂದ ಅನುವಾದ ಮಾಡಿಸಿದ್ದು. ಅದರಲ್ಲೊಂದು ತಲೆಬರಹ: ‘ಒಣ ಹಸುವಿನ ಆಹಾರ’. ಓದಿದವರು ಏನು ಅಂದುಕೊಳ್ಳಬೇಕು? ಪಕ್ಕೆಲುಬು ಎಣಿಸಬಹುದಾದ ಬಡಕಲು ಹಸು ಅಂತಲೇ ಅಲ್ವಾ? ಮೂಲದಲ್ಲಿ ಇದ್ದದ್ದು ‘ಡ್ರೈ ಕೌ’. ಕರು ಹಾಕುವುದಕ್ಕೆ ಸುಮಾರು 60 ದಿನ ಮುಂಚೆ ಹಾಲು ಕರೆಯುವುದನ್ನು ನಿಲ್ಲಿಸಿ ಬತ್ತಿಸುತ್ತಾರಲ್ಲ, ಆ ತುಂಬು ಗಬ್ಬದ ಹಸು. ಫೋನ್ ಮಾಡಿ ಹೇಳಿದೆ. ಅನುವಾದಕರು ಬೇಜಾರಿಲ್ಲದೆ ತಿದ್ದಿ ಕಳಿಸಿದರು: ‘ಗೊಡ್ಡು ಹಸು’. ಇದು ಇನ್ನೂ ಅನ್ಯಾಯ. ಗೊಡ್ಡು ಅಂದ್ರೆ ಗಬ್ಬವೇ ಕಟ್ಟದ್ದು. ‘ಹಾಲು ಬತ್ತಿಸಿದ ಹಸು’ ಅಂತ ಬರೆದಿದ್ದರೆ ಕೆಲಸ ಮುಗಿಯುತ್ತಿತ್ತು.

ಇಂಥವನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಇಷ್ಟು ಸಣ್ಣ ಪದದಲ್ಲಿ ಇಷ್ಟೊಂದು ಜನ ಎಡವುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲ ಹೆಜ್ಜೆ: ‘ಏನು ಇಲ್ಲ?’ ಅಂತ ಕೇಳಿ. ನಿಘಂಟು ಆಮೇಲೆ ತೆಗೆಯಿರಿ. ಇಂಗ್ಲಿಷಿನವರು ಯಾವುದನ್ನಾದರೂ ‘ಡ್ರೈ’ ಅಂದರೆ, ಅಲ್ಲಿ ಇರಬೇಕಾದದ್ದೋ ಇರಬಹುದಾದದ್ದೋ ಒಂದು ಇಲ್ಲ ಅಂತ ಅರ್ಥ. ಬಟ್ಟೆಯಲ್ಲಿ ನೀರಿಲ್ಲ. ಬ್ರೆಡ್ಡಿಗೆ ಬೆಣ್ಣೆ ಇಲ್ಲ. ವೈನಿನಲ್ಲಿ ಸಿಹಿ ಇಲ್ಲ, ಏಕೆಂದರೆ ದ್ರಾಕ್ಷಿಯ ಸಕ್ಕರೆಯೆಲ್ಲ ಹುಳಿಯುವಾಗಲೇ ಮದ್ಯವಾಗಿ ಹೋಗಿರುತ್ತದೆ. ‘ಡ್ರೈ ಡೇ’ ದಿನ ಅಂಗಡಿಯಲ್ಲಿ ಮದ್ಯವೇ ಇಲ್ಲ. ಗುಜರಾತ್ ‘ಡ್ರೈ ಸ್ಟೇಟ್’ ಆಗಿರುವುದೂ ಹೀಗೆಯೇ, ಮಳೆ ಕಡಿಮೆ ಅಂತ ಅಲ್ಲ. ಅಮೆರಿಕದಲ್ಲಿ 1920ರಿಂದ 1933ರವರೆಗೆ ದೇಶಕ್ಕೆ ದೇಶವೇ ‘ಡ್ರೈ’ ಆಗಿತ್ತು. ಆ ನಿಷೇಧ ಬೇಡ ಅಂದವರಿಗೆ ‘ವೆಟ್’ ಅಂತ ಹೆಸರು. ಬ್ರಿಟನ್ನಿನಲ್ಲಿ ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾಗಿದ್ದ ಕಾಲಕ್ಕೆ ಇದೇ ಜೋಡಿಗೆ ಬೇರೆಯೇ ಅರ್ಥ ಬಂತು. ಅವರ ಬಿಗಿ ನೀತಿಗೆ ಹಿಂದೆಮುಂದೆ ನೋಡಿದ ಮಂತ್ರಿಗಳು ‘ವೆಟ್’, ಗಟ್ಟಿಯಾಗಿ ಜೊತೆ ನಿಂತವರು ‘ಡ್ರೈ’. ಅಲ್ಲಿ ಇಲ್ಲದಿದ್ದದ್ದು ಮೆತ್ತಗಿನ ಮನಸ್ಸು.

ಇಲ್ಲದ್ದು ಏನು ಅಂತ ಗೊತ್ತಾದ ಮೇಲೆ ಅದನ್ನೇ ಕನ್ನಡದಲ್ಲಿ ಹೇಳಿಬಿಡಿ. ಸಿಹಿ ಇಲ್ಲದ ವೈನ್. ಮದ್ಯ ಮಾರಾಟ ಇಲ್ಲದ ದಿನ. ‘ಒಣ ದಿನ’ ಅಂತ ಬರೆದರೆ ಜನ ಹಪ್ಪಳ ಒಣಹಾಕುತ್ತಾರೆ.

ಎರಡನೆಯದು: ಕನ್ನಡದಲ್ಲಿ ಆಗಲೇ ಕೂತುಬಿಟ್ಟಿರುವುದನ್ನು ಮುಟ್ಟಬೇಡಿ. ಒಣ ಕೆಮ್ಮು, ಒಣ ಕಸ, ಒಣ ಬೇಸಾಯ ಸರಿಯಾಗೇ ಇವೆ. ‘ಶುಷ್ಕ ಕೆಮ್ಮು’ ಅಂತ ಬರೆದವರೂ ಇದ್ದಾರೆ, ಅವರಿಗೆ ನನ್ನ ನಮಸ್ಕಾರ.

ಮೂರನೆಯದು: ಇಂಗ್ಲಿಷ್ ಪದವೇ ಬಳಕೆಯಲ್ಲಿದ್ದರೆ ಹಾಗೇ ಬಿಡಿ. ಗೋಬಿ ಗಾಡಿಯ ಮುಂದೆ ನಿಂತು ‘ಒಂದು ಒಣ ಗೋಬಿ’ ಅಂತ ಕೇಳಿ ನೋಡಿ, ಯಾವತ್ತಿನದು ಬೇಕು ಅಂತಾನೆ. ಡ್ರೈ ಕ್ಲೀನಿಂಗ್ ಕೂಡ ಹಾಗೇ. ಅಲ್ಲಿ ಬಟ್ಟೆ ಒದ್ದೆ ಆಗಿಯೇ ಆಗುತ್ತದೆ, ನೀರಿನಲ್ಲಲ್ಲ, ಪರ್‌ಕ್ಲೋರೋಎಥಿಲೀನ್‌ನಂಥ ದ್ರವದಲ್ಲಿ. ಡ್ರೈ ಐಸ್ ನೀರಿನ ಮಂಜುಗಡ್ಡೆಯೇ ಅಲ್ಲ. ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್. ಮೈನಸ್ 78.5 ಡಿಗ್ರಿಯಲ್ಲಿ ಕರಗದೆ ನೇರವಾಗಿ ಹೊಗೆಯಂತೆ ಹೋಗಿಬಿಡುತ್ತದೆ, ಕೆಳಗೆ ಒಂದು ಹನಿಯೂ ಉಳಿಯುವುದಿಲ್ಲ. ‘ಡ್ರೈ ರನ್’ ಬಗ್ಗೆ ಮಾತ್ರ ನನ್ನದು ಹಟ. 2021ರ ಜನವರಿ 2ರಂದು ದೇಶದಾದ್ಯಂತ ಕೋವಿಡ್ ಲಸಿಕೆಯ ‘ಡ್ರೈ ರನ್’ ನಡೆಯಿತಲ್ಲ. ಜನ ಬಂದರು, ಹೆಸರು ನೋಡಿದರು, ಕೂರಿಸಿದರು, ಕಳಿಸಿದರು, ಲಸಿಕೆ ಮಾತ್ರ ಇಲ್ಲ. ಇದಕ್ಕೆ ‘ತಾಲೀಮು’ ಅನ್ನೋ ಒಳ್ಳೆ ಪದ ಮನೆಯಲ್ಲೇ ಇದೆ. ಅನುವಾದದ ಆ್ಯಪ್‌ಗೆ ಹಾಕಿದರೆ ‘ಒಣ ಓಟ’ ಅಂತ ಬಂದರೂ ಬಂದೀತು. ಆ್ಯಪ್ ಬಳಸಬೇಡಿ ಅಂತ ನಾನು ಹೇಳೋದಿಲ್ಲ, ನಾನೂ ಬಳಸುತ್ತೇನೆ. ಆದರೆ ಒಂದು ಪದಕ್ಕೆ ಒಂದೇ ಅರ್ಥ ಕೊಡುವ ಆ ಅಂಗೈ ಅಗಲದ ನಿಘಂಟುಗಳನ್ನು ಮಾತ್ರ ದುಡ್ಡು ಕೊಟ್ಟು ತರಬೇಡಿ.

ನಾಲ್ಕನೆಯದು, ಎಲ್ಲರೂ ಬೀಳುವ ಜಾಗ: ಮಾತು ‘ಡ್ರೈ’ ಆದಾಗ.

ಮಾತಿನ ವಿಷಯಕ್ಕೆ ಬಂದರೆ ಇಂಗ್ಲಿಷಿನಲ್ಲಿ ಕಡೇಪಕ್ಷ ಮೂರು ‘ಡ್ರೈ’ ಇವೆ. ಡ್ರೈ ಭಾಷಣ ಅಂದರೆ ಸಪ್ಪೆ, ನೀರಸ. ಡ್ರೈ ಉತ್ತರ ಅಂದರೆ ಅಕ್ಕರೆ ಇಲ್ಲದ, ಎಷ್ಟು ಬೇಕೋ ಅಷ್ಟೇ ಆಡಿದ ಮಾತು. ಮೂರನೆಯದು ‘ಡ್ರೈ ಹ್ಯೂಮರ್’. ಮೊದಲೆರಡು ಬೈಗುಳ, ಮೂರನೆಯದು ಹೊಗಳಿಕೆ. ಗೊತ್ತಾಗೋದು ಹೇಗೆ? ಕೇಳಿದವನ ಮುಖ ನೋಡಿ. ಆಕಳಿಸಿದರೆ ಮೊದಲನೆಯದು, ಮುಖ ಸಪ್ಪಗಾದರೆ ಎರಡನೆಯದು, ಒಂದು ಕ್ಷಣ ತಡೆದು ನಕ್ಕರೆ ಮೂರನೆಯದು.

ಇಲ್ಲಿ ‘ಒಣ’ ಯಾಕೆ ನಡೆಯೋದಿಲ್ಲ ಅಂದರೆ, ನಮ್ಮ ‘ಒಣ’ಕ್ಕೂ ಅದರದೇ ಒಂದು ಹಂಗಿಸುವ ಅರ್ಥ ಇದೆ. ಒಣ ಜಂಭ, ಒಣ ಪ್ರತಿಷ್ಠೆ, ಒಣ ಉಪದೇಶ, ಒಣ ವೇದಾಂತ. ಎಲ್ಲದರಲ್ಲೂ ಒಳಗೆ ತಿರುಳಿಲ್ಲ ಅನ್ನುವ ದೂರು. ಹಾಗಾಗಿ ‘ಈ ನಟನ ಒಣ ಹಾಸ್ಯ ಚಿತ್ರದ ಜೀವಾಳ’ ಅಂತ ಬರೆದರೆ ನಟನನ್ನು ಹೊಗಳಿದಿರೋ ಬೈದಿರೋ ಯಾರಿಗೂ ತಿಳಿಯೋದಿಲ್ಲ. ಡ್ರೈ ಹ್ಯೂಮರಿನಲ್ಲಿ ತಿರುಳು ಪೂರ್ತಿ ಇರುತ್ತದೆ. ಇಲ್ಲದ್ದು ಹೇಳಿದವನ ಮುಖದ ನಗು, ಅಷ್ಟೇ. (‘ಹ್ಯೂಮರ್’ ಪದದ ಲ್ಯಾಟಿನ್ ಬೇರಿಗೆ ತೇವ ಅಂತ ಅರ್ಥ. ಹಾಗೆ ನೋಡಿದರೆ ‘ಡ್ರೈ ಹ್ಯೂಮರ್’ ಅಂದ್ರೆ ಒಣಗಿದ ತೇವ!)

ನಮ್ಮ ಸೋದರಮಾವ ಇದರಲ್ಲಿ ಪಳಗಿದವರು. ಒಂದು ದಿನ ಅತ್ತೆಯ ಸಾರಿಗೆ ಉಪ್ಪು ಜಾಸ್ತಿ ಆಗಿತ್ತು. ನಾವೆಲ್ಲ ಸುಮ್ನೆ ಉಣ್ಣುತ್ತಿದ್ದೆವು. ಮಾವ ಇನ್ನೊಂದು ತುತ್ತು ಕಲಸುತ್ತಾ ಹೇಳಿದರು: ‘ಉಪ್ಪು ಸರಿಯಾಗಿದೆ ಕಣೇ. ಅದಕ್ಕೆ ಸಾರು ಸ್ವಲ್ಪ ಕಡಿಮೆ ಆಯ್ತು.’ ಅತ್ತೆ ಹೌದೇನೋ ಅಂತ ಸೌಟು ಎತ್ತಿ ಪಾತ್ರೆ ನೋಡಿದರು. ಆಮೇಲೆ ಸೌಟಿನಲ್ಲೇ ಹೊಡೆಯೋಕೆ ಹೋದರು.

ಈಗ ಇದೇ ಪ್ರಸಂಗ ಒಂದು ಇಂಗ್ಲಿಷ್ ಕತೆಯಲ್ಲಿದೆ, ಕೊನೆಗೆ ‘ಡ್ರೈಲಿ’ ಅಂತ ಒಂದು ಪದ ಇದೆ ಅಂದುಕೊಳ್ಳಿ. ನೂರಕ್ಕೆ ತೊಂಬತ್ತು ಮಂದಿ ‘ಎಂದು ಮಾವ ಶುಷ್ಕವಾಗಿ ನುಡಿದರು’ ಅಂತ ಬರೆಯುತ್ತಾರೆ. ತಮಾಷೆ ಅಲ್ಲೇ ಸತ್ತಿತು. ನಾನು ಮಾಡೋದು ಹೀಗೆ: ಆ ಪದವನ್ನು ಹೊಡೆದುಹಾಕುತ್ತೇನೆ, ಅದರ ಜಾಗಕ್ಕೆ ಮುಖವನ್ನೋ ಕೈಯನ್ನೋ ತರುತ್ತೇನೆ. ‘ಮಾವ ತಟ್ಟೆಯಿಂದ ತಲೆ ಎತ್ತದೆ ಹೇಳಿದರು.’ ಇಲ್ಲವೇ ‘ಮುಖ ಗಂಟಿಕ್ಕಿಕೊಂಡೇ ಹೇಳಿದರು’. ಬರಹ ಅರ್ಧ ಸಾಲು ಉದ್ದ ಆಗುತ್ತದೆ, ಆಗಲಿ. ವಿಮರ್ಶೆಯಲ್ಲಾದರೆ ‘ತಾನು ನಗದೆ ನಗಿಸುವ ಹಾಸ್ಯ’ ಅನ್ನಿ. ‘ಗಂಭೀರ ಹಾಸ್ಯ’ ಬೇಡ, ಅದು ಸರ್ಕಾರಿ ಸುತ್ತೋಲೆಯ ಹಾಗೆ ಕೇಳುತ್ತದೆ.

ಇನ್ನು ಉಲ್ಟಾ ಕೂಡ ನೆನಪಿರಲಿ: ನಮ್ಮ ‘ಹಸಿ ಸುಳ್ಳು’ ಇಂಗ್ಲಿಷಿಗೆ ಹೋಗುವಾಗ ‘ವೆಟ್’ ಆಗೋದಿಲ್ಲ.

ಕೊನೆಯದು: ಬರೆದದ್ದನ್ನು ಇಂಗ್ಲಿಷ್ ಬಾರದ ಒಬ್ಬರಿಗೆ ಓದಿ ಹೇಳಿ. ನಾನು ಅಮ್ಮನಿಗೆ ಓದುತ್ತೇನೆ. ಮೊನ್ನೆ ಒಂದು ಅಂಕಣದ ಅನುವಾದ ತಿದ್ದುತ್ತಿದ್ದೆ, ಅದರಲ್ಲಿ ‘ಡ್ರೈ ವೆಡ್ಡಿಂಗ್’ ಹೋಗಿ ‘ಒಣ ಮದುವೆ’ ಆಗಿತ್ತು. ಅಮ್ಮ ‘ಪಾಪ, ಊಟನೇ ಹಾಕಲಿಲ್ವಾ?’ ಅಂದರು. ‘ಹೆಂಡ ಇಲ್ಲದ ಮದುವೆ’ ಅಂತ ತಿದ್ದಿ ಮತ್ತೆ ಓದಿದೆ.

‘ಮದುವೆಗೆ ಅದನ್ನೂ ಬೇರೆ ಬರೀತಾರಾ?’ ಅಂದರು.