ಬರ್ಗೆನ್‌ನಿಂದ ಅಬರ್ಡೀನ್‌ಗೆ ಎಷ್ಟು ದೂರ, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕಿ

ನಾರ್ವೆಯ ಬರ್ಗೆನ್, ಸ್ಕಾಟ್ಲೆಂಡಿನ ಅಬರ್ಡೀನ್ ಎರಡೂ ತೈಲ ಉದ್ಯಮದ ಊರುಗಳು. ನಡುವೆ ಉತ್ತರ ಸಮುದ್ರ. ಕಾರಿನಲ್ಲಿ ಹೋಗಬೇಕೆಂದರೆ ಡೆನ್ಮಾರ್ಕ್, ಜರ್ಮನಿ, ಫ್ರಾನ್ಸ್ ಎಲ್ಲ ಸುತ್ತಿ 2000 ಕಿ.ಮೀ.ಗೂ ಜಾಸ್ತಿ. ಹಾರಿದರೆ? ಫೋನಿನ ಕ್ಯಾಲ್ಕುಲೇಟರ್ ಸಾಕು, ಲೆಕ್ಕ ಸಿಗುತ್ತದೆ.

ಮೊದಲು ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಬರ್ಗೆನ್‌ನ ಫ್ಲೆಸ್‌ಲಾಂಡ್ ನಿಲ್ದಾಣ ಉತ್ತರಕ್ಕೆ 60.29, ಪೂರ್ವಕ್ಕೆ 5.22 ಡಿಗ್ರಿ. ಅಬರ್ಡೀನ್‌ನದು ಉತ್ತರಕ್ಕೆ 57.20, ಪಶ್ಚಿಮಕ್ಕೆ 2.20. ಒಂದು ಪೂರ್ವ, ಇನ್ನೊಂದು ಪಶ್ಚಿಮವಾದ್ದರಿಂದ ರೇಖಾಂಶಗಳನ್ನು ಕೂಡಬೇಕು: 7.42. ಅಕ್ಷಾಂಶಗಳನ್ನು ಕಳೆಯಬೇಕು: 3.09.

ಒಂದು ಡಿಗ್ರಿ ಅಕ್ಷಾಂಶ ಎಲ್ಲಿ ಅಳೆದರೂ ಸುಮಾರು 111 ಕಿ.ಮೀ. ರೇಖಾಂಶ ಹಾಗಲ್ಲ, ಧ್ರುವದ ಕಡೆ ಹೋದಷ್ಟೂ ಕಿರಿದಾಗುತ್ತದೆ. ಬೆಂಗಳೂರಿನ ಹತ್ತಿರ ಒಂದು ಡಿಗ್ರಿಗೆ 108 ಕಿ.ಮೀ. ಸಿಕ್ಕರೆ, ಈ ಸಮುದ್ರದ ಮೇಲೆ ಸಿಗುವುದು ಸುಮಾರು 58 ಮಾತ್ರ. 111ನ್ನು ಎರಡೂ ಊರುಗಳ ಸರಾಸರಿ ಅಕ್ಷಾಂಶದ ಕೊಸೈನ್‌ನಿಂದ (ಕ್ಯಾಲ್ಕುಲೇಟರಿನ cos ಗುಂಡಿ) ಗುಣಿಸಿದರೆ ಈ ಸಂಖ್ಯೆ ಬರುತ್ತದೆ. ಇದನ್ನು ಮರೆತರೆ ಉತ್ತರ ಪೂರ್ತಿ ಕೆಡುತ್ತದೆ.

ಈಗ ಉತ್ತರ-ದಕ್ಷಿಣ 343 ಕಿ.ಮೀ., ಪೂರ್ವ-ಪಶ್ಚಿಮ 430 ಕಿ.ಮೀ. ಶಾಲೆಯ ಪೈಥಾಗೊರಸ್ ನೆನಪಿದೆಯಲ್ವಾ? ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 550 ಕಿ.ಮೀ. ಭೂಮಿಯ ಬಾಗನ್ನು ಸರಿಯಾಗಿ ಹಿಡಿಯುವ ದೊಡ್ಡ ಸೂತ್ರ ಹಾಕಿದರೂ 548 ಬರುತ್ತದೆ. ಆ ಎರಡು ಕಿಲೋಮೀಟರಿಗೆ ತಲೆ ಕೆಡಿಸಿಕೊಳ್ಳಬೇಡಿ.

ಮುಂದಿನದು ಸಮಯ. ಪ್ರೊಪೆಲ್ಲರ್ ಇರುವ ಎಟಿಆರ್ 72 ಗಂಟೆಗೆ ಸುಮಾರು 500 ಕಿ.ಮೀ. ಓಡುತ್ತದೆ. ಅಂದರೆ 66 ನಿಮಿಷ. ರನ್‌ವೇವರೆಗೆ ಉರುಳುವುದು, ಏರುವುದು, ಇಳಿಯುವುದಕ್ಕೆ 20 ನಿಮಿಷ ಸೇರಿಸಿ. ಹೆಚ್ಚೂಕಡಿಮೆ 1 ಗಂಟೆ 25 ನಿಮಿಷ. 800 ಕಿ.ಮೀ. ವೇಗದ ಜೆಟ್ ಆದರೂ ಉಳಿತಾಯ ಕಾಲು ಗಂಟೆಯಷ್ಟೇ. ಅದು ಮೇಲೇರಿ ಪೂರ್ತಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ತೀರಾ ಹತ್ತಿರದ ಊರುಗಳಿಗೆ ಈ ಲೆಕ್ಕ ನಡೆಯದು. ಸ್ಕಾಟ್ಲೆಂಡಿನದೇ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇ-ಪಾಪಾ ವೆಸ್ಟ್ರೇ ನಡುವಿನ 2.7 ಕಿ.ಮೀ. ಹಾರಾಟ ಸಾಮಾನ್ಯವಾಗಿ ಎರಡು ನಿಮಿಷದೊಳಗೆ ಮುಗಿಯುತ್ತದೆ.

ಗಾಳಿಯನ್ನೂ ಗಮನಿಸಿ. ಇಲ್ಲಿ ಅದು ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಗಂಟೆಗೆ 80 ಕಿ.ಮೀ. ಎದುರುಗಾಳಿ ಇದ್ದರೆ ಅಬರ್ಡೀನ್ ಕಡೆಗೆ ಹಾರಾಟವೇ 78 ನಿಮಿಷ. ವಾಪಸ್ ಬರುವಾಗ ಬೆನ್ನಿಗೆ ಸಿಕ್ಕರೆ 57.

ಟಿಕೆಟ್ ನೋಡುವಾಗ ಗಡಿಯಾರವೂ ಆಟ ಆಡಿಸುತ್ತದೆ. ನಾರ್ವೆ ಬ್ರಿಟನ್‌ಗಿಂತ ಒಂದು ಗಂಟೆ ಮುಂದೆ. ಬರ್ಗೆನ್‌ನಲ್ಲಿ 10ಕ್ಕೆ ಹೊರಟರೆ ಅಬರ್ಡೀನ್‌ನಲ್ಲಿ 10.25ಕ್ಕೆ ಇಳಿದಂತೆ ಕಾಣುತ್ತದೆ. ವಾಪಸ್ ಟಿಕೆಟ್ ನೋಡಿದರೆ ಎರಡು ಗಂಟೆ ದಾಟಿರುತ್ತದೆ. ಸುಮ್ನೆ ಗಾಬರಿ ಬೇಡ, ಒಂದು ಗಂಟೆ ಹೊಂದಿಸಿಕೊಳ್ಳಿ.

ಕನೆಕ್ಷನ್ ಹಿಡಿಯುವವರು ಇಷ್ಟಕ್ಕೇ ನಿಲ್ಲಿಸಬೇಡಿ. ಬರ್ಗೆನ್ ಪೇಟೆಯಿಂದ ಫ್ಲೆಸ್‌ಲಾಂಡ್‌ಗೆ ಲಘು ರೈಲಿನಲ್ಲಿ ಮುಕ್ಕಾಲು ಗಂಟೆ ಬೇಕು. ಅದನ್ನೂ ಕೂಡಿಸಿ.